ಸನ್, ಸೆನ್, ಡೊಟ್ಟಿರ್: ಹೆಸರಿನ ಬಾಲ ಓದುವುದು ಹೇಗೆ?

2013ರ ನವೆಂಬರ್, ಚೆನ್ನೈ. ವಿಶ್ವ ಚೆಸ್ ಚಾಂಪಿಯನ್‌ಷಿಪ್. ಬೋರ್ಡಿನ ಈ ಕಡೆ ವಿಶ್ವನಾಥನ್ ಆನಂದ್, ಆ ಕಡೆ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸೆನ್. ಗೆದ್ದವರು ಯಾರು ಅಂತ ಎಲ್ಲರಿಗೂ ಗೊತ್ತು. ನನಗೆ ಈಗಲೂ ನೆನಪಾಗುವುದು ಆ ಎರಡು ಹೆಸರು. ವಿಶ್ವನಾಥನ್ ಅಂದರೆ ಆನಂದ್ ಅವರ ತಂದೆ. ಅವರ ಸ್ವಂತ ಹೆಸರು ಆನಂದ್ ಮಾತ್ರ. ಕಾರ್ಲ್‌ಸೆನ್ ಅಂದರೆ 'ಕಾರ್ಲ್‌ನ ಮಗ', ಆದರೆ ಮ್ಯಾಗ್ನಸ್ ಅವರ ತಂದೆಯ ಹೆಸರು ಕಾರ್ಲ್ ಅಲ್ಲ, ಹೆನ್ರಿಕ್. ಅವರ ಅಕ್ಕತಂಗಿಯರೂ ಕಾರ್ಲ್‌ಸೆನ್‌ಗಳೇ! ಅಂದರೆ ಇಬ್ಬರೂ ಆಟಗಾರರ ಹೆಸರಲ್ಲಿ ಒಬ್ಬ ಅಪ್ಪ ಇದ್ದಾರೆ. ಒಬ್ಬರದು ಸ್ವಂತ ಅಪ್ಪ, ಇನ್ನೊಬ್ಬರದು ಎಷ್ಟೋ ತಲೆಮಾರು ಹಿಂದಿನ ಯಾರೋ ಅಪ್ಪ.

ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಇಂಗ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ಕಡೆಯ ಅರ್ಧಕ್ಕರ್ಧ ಸರ್‌ನೇಮ್‌ಗಳು ಬಿಡಿಸಿಟ್ಟ ಹಲಸಿನ ತೊಳೆ ಥರ ಆಗಿಬಿಡುತ್ತವೆ. ಆ ಕಡೆಯವರ ಜೊತೆ ಕೆಲಸ ಮಾಡುವವರಿಗೆ, ಅಲ್ಲಿ ಹೋಗಿ ನೆಲೆಸಿದವರಿಗೆ, ಹಳೇ ದಾಖಲೆ ಓದುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಹೇಗೆ ಓದಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಇದು ನಮಗೆ ಹೊಸದೇನಲ್ಲ. ಹಳೇ ಮೈಸೂರು ಕಡೆಯ ಪಹಣಿ ತೆಗೆದು ನೋಡಿ. 'ತಿಮ್ಮಯ್ಯ ಬಿನ್ ಕೆಂಪಯ್ಯ' ಅಂತಿರುತ್ತದೆ. ಅದರ ಕೆಳಗೇ 'ಲಕ್ಷ್ಮಮ್ಮ ಕೋಂ ತಿಮ್ಮಯ್ಯ' ಅಂತ. ಬಿನ್ ಅಂದರೆ ಮಗ, ಅರಬ್ಬಿಯಿಂದ ಬಂದ ಮಾತು. ಕೋಂ ಅಂದರೆ ಹೆಂಡತಿ. ಪುರಾಣಕ್ಕೆ ಹೋದರೆ ದಶರಥನ ಮಗ ದಾಶರಥಿ, ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ. 'ನೀನು ಯಾರ ಮಗ?' ಅನ್ನುವ ಪ್ರಶ್ನೆಗೆ ಹೆಸರಲ್ಲೇ ಉತ್ತರ ಇಡುವುದು ಎಲ್ಲ ಕಡೆಯೂ ನಡೆದ ವಿಷಯ. ಬಾಲ ಬೇರೆ ಬೇರೆ, ಅಷ್ಟೇ.

ಮೊದಲ ಹೆಜ್ಜೆ: ಬಾಲ ಬೇರೆ ಮಾಡಿ

ಹೆಸರನ್ನು ಹಿಂದಿನಿಂದ ಓದಿ. ಕೊನೆಯಲ್ಲಿ 'ಸನ್' ಇದ್ದರೆ ಮಗ. ಜಾನ್ಸನ್, ಜಾನ್‌ನ ಮಗ. ಥಾಮ್ಸನ್, ಥಾಮಸ್‌ನ ಮಗ. ಇಷ್ಟು ಎಲ್ಲರಿಗೂ ಗೊತ್ತು.

ಜಾಸ್ತಿ ಜನ ಗಮನಿಸದೇ ಇರುವುದು ಸುಮ್ನೆ ಕೊನೆಗೆ ಅಂಟಿಕೊಂಡ 'ಸ್'. ವಿಲಿಯಮ್ಸ್, ರಾಬರ್ಟ್ಸ್, ಎಡ್ವರ್ಡ್ಸ್, ಹ್ಯಾರಿಸ್. ಇದು ಬಹುವಚನ ಅಲ್ಲ. ನಮ್ಮ 'ರಾಮನ', 'ತಿಮ್ಮನ' ಅನ್ನುವಲ್ಲಿರುವ 'ನ' ಇದೆಯಲ್ಲ, ಅದೇ ಇದು. ವಿಲಿಯಮ್ಸ್ ಅಂದರೆ 'ವಿಲಿಯಮ್‌ನ'. ಮಗ ಅನ್ನುವ ಮಾತು ಬಿಟ್ಟುಹೋಗಿದೆ, ನಾವು 'ಅವನು ಕೆಂಪಯ್ಯನವನು' ಅಂದ ಹಾಗೆ. ಇಂಗ್ಲೆಂಡಿನ ಉತ್ತರ ಭಾಗ ಮತ್ತು ಸ್ಕಾಟ್ಲೆಂಡಿನ ತಗ್ಗು ಪ್ರದೇಶಗಳಲ್ಲಿ 'ಸನ್' ಜಾಸ್ತಿ. ದಕ್ಷಿಣ ಇಂಗ್ಲೆಂಡ್ ಮತ್ತು ವೇಲ್ಸ್ ಕಡೆ 'ಸ್' ಜಾಸ್ತಿ. ವೇಲ್ಸ್‌ನಲ್ಲಿ ಎಲ್ಲಿ ನೋಡಿದರೂ ಜೋನ್ಸ್, ಡೇವಿಸ್, ಎವಾನ್ಸ್, ವಿಲಿಯಮ್ಸ್.

ಆಮೇಲೆ 'ಕಿನ್'. ಇದು ಮುದ್ದಿನ ಬಾಲ, ನಮ್ಮ 'ಪುಟ್ಟ' ಇದ್ದ ಹಾಗೆ. ಇದರ ಮೇಲೆ ಇನ್ನೊಂದು ಬಾಲ ಕೂರುತ್ತದೆ. ವಿಲ್ಕಿನ್ಸನ್ ಅನ್ನು ಬಿಡಿಸಿ ನೋಡಿ. ವಿಲ್ ಅಂದರೆ ವಿಲಿಯಮ್. ವಿಲ್-ಕಿನ್ ಅಂದರೆ ಪುಟ್ಟ ವಿಲ್. ವಿಲ್-ಕಿನ್-ಸನ್ ಅಂದರೆ ಪುಟ್ಟ ವಿಲ್‌ನ ಮಗ. ಆ ಪುಟ್ಟ ವಿಲ್ ದೊಡ್ಡವನಾಗಿ, ಮದುವೆಯಾಗಿ, ಮಗ ಹುಟ್ಟಿದ ಮೇಲೂ ಊರಿನವರ ಬಾಯಲ್ಲಿ ವಿಲ್ಕಿನ್ ಆಗಿಯೇ ಉಳಿದಿದ್ದ. ನಮ್ಮ ಹಳ್ಳಿಗಳಲ್ಲಿ ಅರವತ್ತು ದಾಟಿದ 'ಪುಟ್ಟಣ್ಣ'ಗಳು ಎಷ್ಟು ಜನ ಇಲ್ಲ?

ಎರಡನೇ ಹೆಜ್ಜೆ: ಉಳಿದದ್ದು ಯಾರ ಹೆಸರು?

ಬಾಲ ತೆಗೆದ ಮೇಲೆ ಉಳಿಯುವುದು ಎಷ್ಟೋ ಸಲ ಗುರುತೇ ಸಿಗದ ತುಂಡು. ಜನ ಸೋಲುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮಲ್ಲಿ ಕೃಷ್ಣ ಕಿಟ್ಟ ಆಗುತ್ತಾನೆ, ವೆಂಕಟೇಶ ಎಂಕ ಆಗುತ್ತಾನೆ, ಸುಬ್ರಹ್ಮಣ್ಯ ಸುಬ್ಬ ಆಗುತ್ತಾನೆ. ಮಧ್ಯಯುಗದ ಇಂಗ್ಲೆಂಡಿನಲ್ಲೂ ಹೀಗೇ. ಒಂದೊಂದು ಊರಲ್ಲಿ ಜಾನ್, ವಿಲಿಯಮ್, ರಾಬರ್ಟ್, ರಿಚರ್ಡ್ ಅಂತ ಅವೇ ನಾಲ್ಕೈದು ಹೆಸರು. ಬೇರೆ ಮಾಡಿ ಕರೆಯಲು ಹೆಸರನ್ನು ತುಂಡು ಮಾಡುತ್ತಿದ್ದರು. ಅಷ್ಟಕ್ಕೇ ನಿಲ್ಲಿಸದೆ ಮೊದಲಕ್ಷರ ಬದಲಿಸಿ ಪ್ರಾಸ ಕೂಡಿಸುತ್ತಿದ್ದರು. ರಾಬ್ ಇದ್ದವನು ಹಾಬ್ ಆದ, ಡಾಬ್ ಆದ. ರಿಕ್ ಇದ್ದವನು ಹಿಕ್ ಆದ, ಡಿಕ್ ಆದ. ರೋಜರ್ ಹಾಡ್ಜ್ ಆದ.

ಈಗ ರಾಬರ್ಟ್ ಒಬ್ಬನಿಂದ ಎಷ್ಟು ಸರ್‌ನೇಮ್ ಹುಟ್ಟಿವೆ ನೋಡಿ. ರಾಬರ್ಟ್ಸ್, ರಾಬರ್ಟ್‌ಸನ್, ರಾಬ್ಸನ್, ರಾಬಿನ್ಸ್, ರಾಬಿನ್ಸನ್, ಹಾಬ್ಸ್, ಹಾಬ್ಸನ್, ಹಾಪ್‌ಕಿನ್ಸ್, ಹಾಪ್‌ಕಿನ್ಸನ್, ಡಾಬ್ಸ್, ಡಾಬ್ಸನ್. ಹಾಪ್‌ಕಿನ್ಸ್‌ನಲ್ಲಿ ರಾಬರ್ಟ್ ಇದ್ದಾನೆ ಅಂತ ಮೊದಲು ತಿಳಿದಾಗ ನನಗೆ ಆದ ಖುಷಿ ಇನ್ನೂ ಇಳಿದಿಲ್ಲ.

ಜೇಬಲ್ಲಿ ಇಟ್ಟುಕೊಳ್ಳುವಂಥ ಇನ್ನಷ್ಟು ತುಂಡುಗಳು: ವ್ಯಾಟ್ ಅಂದರೆ ವಾಲ್ಟರ್, ಹಾಗಾಗಿ ವ್ಯಾಟ್ಸನ್, ವ್ಯಾಟ್ಸ್, ವ್ಯಾಟ್ಕಿನ್ಸ್. ಡಾ ಅಂದರೆ ಡೇವಿಡ್, ಡಾಸನ್ ಮತ್ತು ಡಾಕಿನ್ಸ್. ಗಿಬ್ ಅಂದರೆ ಗಿಲ್ಬರ್ಟ್, ಗಿಬ್ಸನ್ ಮತ್ತು ಗಿಬ್ಸ್. ಸಿಮ್ ಅಂದರೆ ಸೈಮನ್, ಸಿಂಪ್ಸನ್. ಹ್ಯಾರಿ ಅಂದರೆ ಹೆನ್ರಿ, ಹ್ಯಾರಿಸನ್. ಪಿಯರ್ಸ್ ಅಂದರೆ ಪೀಟರ್, ಪಿಯರ್ಸನ್. ಜ್ಯಾಕ್ ಅಂದರೆ ಜಾನ್, ಹಾಗಾಗಿ ಜಾನ್ಸನ್ ಮತ್ತು ಜ್ಯಾಕ್ಸನ್ ಅರ್ಥದಲ್ಲಿ ಒಂದೇ.

ಹೆಸರಿನೊಳಗೆ ಇರುವುದು ಯಾವಾಗಲೂ ಅಪ್ಪನೇ ಅಂತಲೂ ಅಂದುಕೊಳ್ಳಬೇಡಿ. ಟಿಲಟ್ಸನ್‌ನಲ್ಲಿ ಇರುವುದು ಟಿಲ್, ಅಂದರೆ ಮಟಿಲ್ಡಾ ಅನ್ನುವ ಹೆಣ್ಣುಮಗಳು. ಮೆಗ್ಸನ್‌ನಲ್ಲಿ ಮೆಗ್, ಅಂದರೆ ಮಾರ್ಗರೆಟ್. ಡೆನ್ಮಾರ್ಕಿನಲ್ಲಿ 1047ರಿಂದ 1076ರವರೆಗೆ ಆಳಿದ ರಾಜ ಸ್ವೆಂಡ್ ಎಸ್ಟ್ರಿಡ್‌ಸೆನ್ ಕೂಡ ತಾಯಿ ಎಸ್ಟ್ರಿಡ್‌ಳ ಹೆಸರಲ್ಲೇ ಉಳಿದವನು, ಯಾಕೆಂದರೆ ರಾಜಮನೆತನದ ರಕ್ತ ಬಂದದ್ದು ತಾಯಿಯ ಕಡೆಯಿಂದ. ನಮ್ಮ ಕೌಂತೇಯ, ರಾಧೇಯ, ಗಾಂಗೇಯರು ನೆನಪಾಗುತ್ತಾರೆ ಅಲ್ವಾ?

ಮೂರನೇ ಹೆಜ್ಜೆ: ಬಾಲ ಮುಂದೆಯೂ ಇರಬಹುದು

ಬ್ರಿಟನ್ನಿನ ಹೆಸರುಗಳಲ್ಲಿ ಕೊನೆ ನೋಡಿದರೆ ಸಾಲದು, ಆರಂಭವನ್ನೂ ನೋಡಿ. 'ಮ್ಯಾಕ್' ಅಥವಾ 'ಮೆಕ್' ಇದ್ದರೆ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಗೇಲಿಕ್ ಭಾಷೆಯ 'ಮಗ'. 'ಓ' ಇದ್ದರೆ ಐರ್ಲೆಂಡಿನದು, ಮೊಮ್ಮಗ ಅಥವಾ ವಂಶದವನು ಅಂತ. 'ಫಿಟ್ಜ್' ಇದ್ದರೆ 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರ ಫ್ರೆಂಚ್‌ನಿಂದ ಬಂದ 'ಮಗ'. ಫಿಟ್ಜ್‌ಜೆರಾಲ್ಡ್ ಅಂದರೆ ಜೆರಾಲ್ಡ್‌ನ ಮಗ, ಫಿಟ್ಜ್‌ರಾಯ್ ಅಂದರೆ ರಾಜನ ಮಗ. ಎಂಟನೇ ಹೆನ್ರಿ ಮದುವೆಯಾಚೆ ಹುಟ್ಟಿದ ಮಗನಿಗೆ ಈ ಹೆಸರು ಕೊಟ್ಟಿದ್ದ.

ಬೆಂಗಳೂರಿನಲ್ಲಿ ದಿನಾ ಕಾಣುವ ಮೆಕ್‌ಡೊನಾಲ್ಡ್ಸ್ ಬೋರ್ಡನ್ನೇ ತೆಗೆದುಕೊಳ್ಳಿ. ಮೆಕ್ ಅಂದರೆ ಮಗ, ಡೊನಾಲ್ಡ್ ಅಂದರೆ ಅಪ್ಪ. ಕೊನೆಯ 'ಸ್' ಮಾತ್ರ ವಿಲಿಯಮ್ಸ್‌ನ 'ಸ್' ಥರ ಅಲ್ಲ. ಅದು 'ಮೆಕ್‌ಡೊನಾಲ್ಡ್‌ರ ಅಂಗಡಿ' ಅನ್ನುವಲ್ಲಿರುವ 'ರ'.

ವೇಲ್ಸ್‌ನವರದು ನನಗೆ ಎಲ್ಲಕ್ಕಿಂತ ಇಷ್ಟ. ಅವರು ಹೆಸರಿನ ಮಧ್ಯೆ 'ಅಪ್' ಅಥವಾ 'ಅಬ್' ಇಡುತ್ತಿದ್ದರು, ಸೇಮ್ ನಮ್ಮ ಪಹಣಿಯ ಬಿನ್ ಥರ. ಲೆವೆಲಿನ್ ಅಪ್ ಗ್ರಿಫಿತ್ ಅಂದರೆ ಲೆವೆಲಿನ್ ಬಿನ್ ಗ್ರಿಫಿತ್. 16ನೇ ಶತಮಾನದಲ್ಲಿ ವೇಲ್ಸ್ ಪೂರ್ತಿ ಇಂಗ್ಲಿಷ್ ಕಾನೂನಿನ ಕೆಳಗೆ ಬಂತು. ಎಲ್ಲರಿಗೂ ಒಂದು ಕಾಯಂ ಸರ್‌ನೇಮ್ ಬೇಕಾಯಿತು. ಆಗ ಈ 'ಅಪ್' ಮುಂದಿನ ಹೆಸರಿಗೆ ಅಂಟಿಕೊಂಡು ಬರೀ 'ಪ' ಅಥವಾ 'ಬ' ಆಗಿ ಉಳಿಯಿತು. ಜೋರಾಗಿ ಹೇಳಿ ನೋಡಿ: ಅಪ್ ಹೊವೆಲ್, ಅಪ್‌ಹೊವೆಲ್, ಪೊವೆಲ್. ಅಪ್ ರೀಸ್ ಹೋಗಿ ಪ್ರೈಸ್. ಅಪ್ ರಿಚರ್ಡ್ ಹೋಗಿ ಪ್ರಿಚರ್ಡ್. ಅಪ್ ರಾಬರ್ಟ್ ಹೋಗಿ ಪ್ರಾಬರ್ಟ್, ಮೇಲಿನ ರಾಬರ್ಟ್ ಪಟ್ಟಿಗೆ ಇನ್ನೊಂದು ಸೇರಿಸಿಕೊಳ್ಳಿ. ಅಬ್ ಓವೆನ್ ಹೋಗಿ ಬೋವೆನ್. ಅಬ್ ಎವಾನ್ ಹೋಗಿ ಬೆವಾನ್.

ನಾಲ್ಕನೇ ಹೆಜ್ಜೆ: ಸ್ಕ್ಯಾಂಡಿನೇವಿಯಾ ಅಂದರೆ ಸ್ಪೆಲ್ಲಿಂಗ್ ನೋಡಿ

ನಮ್ಮ ಪತ್ರಿಕೆಗಳಲ್ಲಿ ಎಲ್ಲವನ್ನೂ 'ಸನ್' ಅಂತಲೇ ಬರೆದುಬಿಡುತ್ತಾರೆ. ಹಾಗಾಗಿ ಮೂಲ ಸ್ಪೆಲ್ಲಿಂಗ್ ನೋಡಬೇಕು. ಕೊನೆಯಲ್ಲಿ ಎರಡು ಎಸ್, ಆಮೇಲೆ ಒ, ಎನ್ ಇದ್ದರೆ ಸಾಮಾನ್ಯವಾಗಿ ಸ್ವೀಡನ್: ಕಾರ್ಲ್‌ಸ್ಸನ್, ಎರಿಕ್‌ಸ್ಸನ್, ಯೋಹಾನ್‌ಸ್ಸನ್. ಎರಡು ಎಸ್ ಯಾಕೆ? ಮೊದಲನೆಯದು ನಮ್ಮ 'ನ', ಎರಡನೆಯದು 'ಮಗ' ಅನ್ನುವ ಪದದ ಮೊದಲಕ್ಷರ. ಎರಿಕ್-ನ-ಮಗ. ಅಮೆರಿಕಕ್ಕೆ ವಲಸೆ ಹೋದವರಲ್ಲಿ ತುಂಬಾ ಜನರ ಹೆಸರಲ್ಲಿ ಒಂದು ಎಸ್ ಬಿದ್ದುಹೋಗಿ ಇಂಗ್ಲಿಷ್ ಹೆಸರಿನಂತೆ ಆಯಿತು. 'ಸೆನ್' ಅಂತ ಇದ್ದರೆ ಡೆನ್ಮಾರ್ಕ್ ಅಥವಾ ನಾರ್ವೆ: ಯೆನ್ಸೆನ್, ನೀಲ್ಸೆನ್, ಹಾನ್ಸೆನ್, ಓಲ್ಸೆನ್. ಡೆನ್ಮಾರ್ಕಿನ ಜನಸಂಖ್ಯೆ 60 ಲಕ್ಷದ ಆಸುಪಾಸು, ಅದರಲ್ಲಿ ನೀಲ್ಸೆನ್‌ಗಳೇ ಎರಡು ಲಕ್ಷಕ್ಕಿಂತ ಜಾಸ್ತಿ. ಯೆನ್ಸೆನ್‌ಗಳೂ ಅಷ್ಟೇ.

ಆದರೆ ಸ್ಪೆಲ್ಲಿಂಗ್ ಹೇಳುವುದು ಹೆಸರು ಎಲ್ಲಿಯದು ಅಂತ, ವ್ಯಕ್ತಿ ಎಲ್ಲಿಯವರು ಅಂತ ಅಲ್ಲ. ನಟಿ ಸ್ಕಾರ್ಲೆಟ್ ಜೋಹಾನ್ಸನ್ ಹೆಸರಲ್ಲಿ ಎರಡು ಎಸ್ ಇದೆ, ಸ್ವೀಡನ್ನಿನ ಬಾಲ. ಅವರ ತಂದೆ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ.

ಯೋಹಾನ್, ಯೆನ್ಸ್, ಹಾನ್ಸ್, ಐಸ್‌ಲ್ಯಾಂಡಿನ ಯೋನ್, ವೇಲ್ಸ್‌ನ ಎವಾನ್, ಇವೆಲ್ಲಾ ಇಂಗ್ಲಿಷಿನ ಜಾನ್‌ನ ಬೇರೆ ಬೇರೆ ರೂಪ. ಜೋನ್ಸ್, ಎವಾನ್ಸ್, ಜೆಂಕಿನ್ಸ್, ಯೆನ್ಸೆನ್, ಹಾನ್ಸೆನ್, ಯೋಹಾನ್‌ಸ್ಸನ್ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದರೆ ಎಲ್ಲರೂ ಜಾನ್‌ನ ಮಕ್ಕಳೇ.

ಐದನೇ ಹೆಜ್ಜೆ: ಹೆಸರು ಹರಿಯುತ್ತಿದೆಯೋ, ಹೆಪ್ಪುಗಟ್ಟಿದೆಯೋ?

ಇದು ಮುಖ್ಯವಾದ ಹೆಜ್ಜೆ. ಮೊದಲು ಎಲ್ಲಾ ಕಡೆ ಹೆಸರು ಹರಿಯುತ್ತಿತ್ತು, ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಗ್ರೀನ್‌ಲ್ಯಾಂಡಿಗೆ ಹೋಗಿ ನೆಲೆಸಿದ ಕೆಂಪು ಗಡ್ಡದ ಎರಿಕ್‌ನ ಅಪ್ಪ ಥೋರ್ವಾಲ್ಡ್, ಹಾಗಾಗಿ ಅವನು ಎರಿಕ್ ಥೋರ್ವಾಲ್ಡ್‌ಸನ್. ಕೊಲಂಬಸ್‌ಗಿಂತ ಸುಮಾರು 500 ವರ್ಷ ಮೊದಲೇ ಅಮೆರಿಕದ ನೆಲ ಮುಟ್ಟಿದ ಅವನ ಮಗ ಲೀಫ್ ಎರಿಕ್‌ಸನ್. ಮಗಳು ಫ್ರೇದಿಸ್ ಎರಿಕ್ಸ್‌ಡೊಟ್ಟಿರ್. ಲೀಫ್‌ನ ಮಗ ಥೋರ್ಕೆಲ್ ಲೀಫ್‌ಸನ್. ನಾಲ್ಕು ತಲೆಮಾರು, ಪ್ರತಿ ಸಲ ಹೊಸ ಬಾಲ.

ಇಂಗ್ಲೆಂಡಿನಲ್ಲಿ ಸುಮಾರು 1400ರ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ಹೆಸರು ಹೆಪ್ಪುಗಟ್ಟಿತ್ತು. ತೆರಿಗೆ ಪಟ್ಟಿ, ಆಸ್ತಿ ಪತ್ರಗಳಲ್ಲಿ ತಲೆಮಾರಿಗೊಮ್ಮೆ ಹೆಸರು ಬದಲಾದರೆ ಗುಮಾಸ್ತರಿಗೂ ಕಷ್ಟ, ವಾರಸುದಾರರಿಗೂ ಕಷ್ಟ. ಡೆನ್ಮಾರ್ಕಿನಲ್ಲಿ 1828ರಲ್ಲಿ ಸರ್ಕಾರ ಆಜ್ಞೆ ಹೊರಡಿಸಿ ಮಗುವಿಗೆ ಮನೆತನದ ಹೆಸರು ಕೊಡಬೇಕು ಅಂದಿತು. ಜನ ಹೊಸ ಹೆಸರು ಹುಡುಕಲು ಹೋಗಲಿಲ್ಲ, ಆ ಕ್ಷಣದಲ್ಲಿ ಅಪ್ಪನಿಗೆ ಇದ್ದ ಬಾಲವನ್ನೇ ಉಳಿಸಿಕೊಂಡರು. ಅಷ್ಟು ಜನ ಯೆನ್ಸೆನ್, ನೀಲ್ಸೆನ್ ಆಗಿದ್ದು ಹೀಗೆ. ಸ್ವೀಡನ್ನಿನಲ್ಲಿ ಈ ನಿಯಮ ಬಂದದ್ದು 1901ರಲ್ಲಿ, ನಾರ್ವೆಯಲ್ಲಿ 1923ರಲ್ಲಿ. ನಾಟಕಕಾರ ಹೆನ್ರಿಕ್ ಇಬ್ಸೆನ್ ಅವರ ತಂದೆ ಇಬ್ ಅಲ್ಲ, ಕ್ನೂದ್ ಇಬ್ಸೆನ್. ಆ ಮನೆಯಲ್ಲಿ ಕಾನೂನು ಬರುವ ಮೊದಲೇ ಹೆಸರು ಗಟ್ಟಿಯಾಗಿತ್ತು.

ಸ್ವೀಡನ್ನಿನಲ್ಲಿ ಸೈನ್ಯದ್ದು ಬೇರೆಯೇ ಕಥೆ. ಒಂದೇ ತುಕಡಿಯಲ್ಲಿ ಹತ್ತು ಜನ ಆಂಡರ್ಸ್‌ನ ಮಕ್ಕಳಿದ್ದರೆ ಕೂಗಿದಾಗ ಓಡಿ ಬರುವವರು ಯಾರು? ಹಾಗಾಗಿ ಸಿಪಾಯಿಗೆ ಚಿಕ್ಕದೊಂದು ಹೆಸರು ಕೊಡುತ್ತಿದ್ದರು: ರಾಸ್ಕ್ ಅಂದರೆ ಚುರುಕು, ಮೂದಿಗ್ ಅಂದರೆ ಧೈರ್ಯವಂತ, ಸ್ವಾರ್ಡ್ ಅಂದರೆ ಕತ್ತಿ. ಓದಲು ಹೋದವರು ತಾವೇ ಹೆಸರು ಇಟ್ಟುಕೊಳ್ಳುತ್ತಿದ್ದರು. ನೀಲ್ಸ್ ಇಂಗೆಮಾರ್ಸ್ಸನ್ ಅನ್ನುವ ರೈತನ ಮಗ ವಿಶ್ವವಿದ್ಯಾಲಯ ಸೇರುವಾಗ ಸರ್‌ನೇಮ್ ಬೇಕಾಯಿತು. ಅವರ ಜಮೀನಿನಲ್ಲಿ ದೊಡ್ಡದೊಂದು ಲಿಂಡ್ ಮರ ಇತ್ತು. ಅದರ ಹೆಸರನ್ನೇ ಲ್ಯಾಟಿನ್‌ಗೆ ತಿರುಗಿಸಿ ಲಿನ್ನೇಯಸ್ ಆದರು. 1707ರಲ್ಲಿ ಹುಟ್ಟಿದ ಅವರ ಮಗನೇ ಗಿಡಮರಗಳಿಗೆಲ್ಲಾ ಎರಡು ಪದದ ಹೆಸರು ಕೊಟ್ಟ ಕಾರ್ಲ್ ಲಿನ್ನೇಯಸ್. ಮಾವಿನ ಮರದ ಸಸ್ಯಶಾಸ್ತ್ರದ ಹೆಸರು 'ಮ್ಯಾಂಜಿಫೆರಾ ಇಂಡಿಕಾ ಎಲ್.' ಅಂತ ಬರೆಯುತ್ತಾರೆ. ಆ ಕೊನೆಯ 'ಎಲ್' ಇವರೇ. ಅಪ್ಪ ಆ ಮರದ ಕಡೆ ನೋಡದೇ ಇದ್ದಿದ್ದರೆ ಇವರು ಕಾರ್ಲ್ ನೀಲ್ಸ್ಸನ್ ಆಗಿರುತ್ತಿದ್ದರು, ಮಾವಿನ ಪಕ್ಕ ಬೇರೆ ಅಕ್ಷರ ಇರುತ್ತಿತ್ತು.

ಹೆಪ್ಪುಗಟ್ಟಿದೆಯೋ ಇಲ್ಲವೋ ಅಂತ ತಿಳಿಯಲು ಸುಲಭದ ದಾರಿ: ಆ ಮನೆಯ ಹೆಣ್ಣುಮಕ್ಕಳ ಹೆಸರು ನೋಡಿ. ಹೆಣ್ಣಿನ ಹೆಸರಿನ ಕೊನೆಗೂ 'ಮಗ' ಅಂತಲೇ ಇದ್ದರೆ ಅದು ಹೆಪ್ಪುಗಟ್ಟಿದ ಸರ್‌ನೇಮ್. 'ಡೊಟ್ಟಿರ್' ಅಂದರೆ ಮಗಳು ಅಂತ ಇದ್ದರೆ ಇನ್ನೂ ಹರಿಯುತ್ತಿದೆ.

ಐಸ್‌ಲ್ಯಾಂಡ್: ಇಲ್ಲಿ ನಿಯಮವೇ ಬೇರೆ

ಇಡೀ ದೇಶದಲ್ಲಿ ಹೆಸರು ಇವತ್ತಿಗೂ ಹರಿಯುತ್ತಿರುವುದು ಐಸ್‌ಲ್ಯಾಂಡಿನಲ್ಲಿ. ಮನೆತನದ ಹೆಸರು ಇರುವ ಕೆಲವರು ಅಲ್ಲೂ ಇದ್ದಾರೆ, ಆದರೆ 1925ರ ಕಾನೂನು ಹೊಸದಾಗಿ ಅಂಥ ಹೆಸರು ಇಟ್ಟುಕೊಳ್ಳುವುದನ್ನು ನಿಲ್ಲಿಸಿತು. ಒಂದು ಮನೆ ಕಲ್ಪಿಸಿಕೊಳ್ಳಿ. ಅಪ್ಪ ಯೋನ್ ಐನಾರ್ಸನ್. ಅಮ್ಮ ಅನ್ನಾ ಸಿಗುರ್ಡಾರ್‌ಡೊಟ್ಟಿರ್, ಮದುವೆಯಾದರೂ ಅವಳು ಸಿಗುರ್ಡರ್‌ನ ಮಗಳೇ ಅಲ್ವಾ, ಹಾಗಾಗಿ ಹೆಸರು ಬದಲಾಗುವುದಿಲ್ಲ. ಮಗ ಓಲಾಫರ್ ಯೋನ್ಸ್ಸನ್. ಮಗಳು ಗುಡ್ರೂನ್ ಯೋನ್ಸ್‌ಡೊಟ್ಟಿರ್. ನಾಲ್ಕು ಜನ, ನಾಲ್ಕು ಕೊನೆಹೆಸರು. 2019ರ ಕಾನೂನಿನ ಪ್ರಕಾರ ಗಂಡು ಅಥವಾ ಹೆಣ್ಣು ಅಂತ ನೋಂದಾಯಿಸದವರು 'ಬುರ್' ಅನ್ನುವ ಬಾಲ ಹಾಕಿಕೊಳ್ಳಬಹುದು, ಅದರ ಅರ್ಥ 'ಮಗು'.

ಇಲ್ಲಿ ಬಾಲ ಕತ್ತರಿಸುವಾಗ ಹುಷಾರು. ನಮ್ಮಲ್ಲಿ ರಾಮ 'ರಾಮನ' ಆಗುತ್ತಾನೆ, ಹರಿ 'ಹರಿಯ', ಗುರು 'ಗುರುವಿನ'. ಐಸ್‌ಲ್ಯಾಂಡಿನ ಭಾಷೆಯಲ್ಲೂ ಹೆಸರಿಗೆ ತಕ್ಕಂತೆ ವಿಭಕ್ತಿ ಬದಲಾಗುತ್ತದೆ. ಹೆಲ್ಗಾಸನ್ ಅಂತ ಕಂಡರೆ ಯಾರದೋ ಹೆಸರು ಹೆಲ್ಗಾ ಅಂದುಕೊಳ್ಳುತ್ತೀರಿ. ಅಲ್ಲ. ಅದು ಹೆಲ್ಗಿ ಅನ್ನುವ ಅಪ್ಪನ ಹೆಸರು, 'ಹೆಲ್ಗಿಯ' ಅನ್ನುವಾಗ ಹೆಲ್ಗಾ ಆಗುತ್ತದೆ. ಹೆಲ್ಗುಸನ್ ಅಂತ ಇದ್ದರೆ ಆಗ ಅದು ಹೆಲ್ಗಾ ಅನ್ನುವ ಅಮ್ಮನ ಮಗ. ಒಂದು ಸ್ವರದಲ್ಲಿ ಅಪ್ಪ ಹೋಗಿ ಅಮ್ಮ ಬಂದರು! ಮಗುವಿಗೆ ಹೊಸ ಹೆಸರು ಇಡುವುದಾದರೂ ಅದು ಈ ವಿಭಕ್ತಿಗೆ ಒಗ್ಗುತ್ತದೆಯೇ ಅಂತ ನೋಡಲು ಅಲ್ಲಿ ಒಂದು ಸಮಿತಿಯೇ ಇದೆ.

ಅಲ್ಲಿಯವರನ್ನು ಕರೆಯುವಾಗ ಮೊದಲ ಹೆಸರು ಹಿಡಿದೇ ಕರೆಯಿರಿ. ಅದು ಅಗೌರವ ಅಲ್ಲ, ಅದೇ ಸರಿ. ನಾನು ಒಮ್ಮೆ ಐಸ್‌ಲ್ಯಾಂಡಿನವರೊಬ್ಬರಿಗೆ ಮೇಲ್ ಬರೆಯುವಾಗ ಗೌರವ ಇರಲಿ ಅಂತ 'ಮಿಸ್ಟರ್' ಹಚ್ಚಿ ಕೊನೆಹೆಸರು ಬರೆದಿದ್ದೆ. ಅದು ನನ್ನ ತಂದೆಯ ಗುರುತು, ನನ್ನನ್ನು ಹೆಸರಿಂದಲೇ ಕರೆಯಿರಿ ಅಂತ ತುಂಬಾ ಒಳ್ಳೆಯ ಮಾತಲ್ಲಿ ತಿಳಿಸಿದರು. ಅಲ್ಲಿ ಅಚ್ಚಾಗುತ್ತಿದ್ದ ಟೆಲಿಫೋನ್ ಪಟ್ಟಿಯೂ ಮೊದಲ ಹೆಸರಿನ ಅಕ್ಷರಕ್ರಮದಲ್ಲೇ ಇರುತ್ತಿತ್ತು. 1980ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾಗಿ 16 ವರ್ಷ ಆ ಜಾಗದಲ್ಲಿದ್ದ ವಿಗ್ದಿಸ್ ಫಿನ್‌ಬೋಗಾಡೊಟ್ಟಿರ್ ಅವರೂ ಜನರ ಬಾಯಲ್ಲಿ ವಿಗ್ದಿಸ್.

ಮೋಸ ಹೋಗುವ ಜಾಗಗಳು

ಮೇಸನ್ ಅಂದರೆ 'ಮೇ'ಯ ಮಗ ಅಲ್ಲ, ಕಲ್ಲುಕೆಲಸದವನು. ಸ್ಯಾಮ್ಸನ್ ಬೈಬಲ್ಲಿನ ಒಬ್ಬ ವೀರನ ಇಡೀ ಹೆಸರು. ಬ್ರೂಕ್ಸ್, ಮಿಲ್ಸ್, ವೆಲ್ಸ್ ಇವು ಹಳ್ಳ, ಗಿರಣಿ, ಬಾವಿಗಳ ಪಕ್ಕ ಇದ್ದವರು. ಕ್ಲಾರ್ಕ್‌ಸನ್‌ನಲ್ಲಿ ಸನ್ ನಿಜ, ಆದರೆ ಕ್ಲಾರ್ಕ್ ಅನ್ನುವುದು ಅಪ್ಪನ ಹೆಸರಲ್ಲ, ಕಸುಬು. ಫಿಟ್ಜ್‌ಪ್ಯಾಟ್ರಿಕ್ ನೋಡಲು ನಾರ್ಮನ್, ಆದರೆ ಐರ್ಲೆಂಡಿನ 'ಮ್ಯಾಕ್' ಹೆಸರೊಂದು ಇಂಗ್ಲಿಷಿಗೆ ಬರುವಾಗ ಆ ವೇಷ ಹಾಕಿಕೊಂಡಿತು. ಅನುಮಾನ ಬಂದರೆ ಒಂದೇ ಪ್ರಶ್ನೆ ಕೇಳಿ: ಬಾಲ ತೆಗೆದ ಮೇಲೆ ಉಳಿದದ್ದು ಆ ಕಾಲದಲ್ಲಿ ಯಾರಿಗಾದರೂ ಇಡುತ್ತಿದ್ದ ಹೆಸರೇ?

ಹಳೇ ದಾಖಲೆ ಹುಡುಕುವವರಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಚರ್ಚಿನ ಜನನ, ಮದುವೆ, ಮರಣದ ಪುಸ್ತಕ 1538ರಲ್ಲಿ ಶುರುವಾದಾಗ ಸರ್‌ನೇಮ್‌ಗಳು ಆಗಲೇ ಗಟ್ಟಿಯಾಗಿದ್ದವು, ಹಾಗಾಗಿ ಸರ್‌ನೇಮ್ ಹಿಡಿದು ಹಿಂದೆ ಹೋಗಬಹುದು. ಡೆನ್ಮಾರ್ಕ್, ಸ್ವೀಡನ್ನಿನಲ್ಲಿ 19ನೇ ಶತಮಾನಕ್ಕಿಂತ ಹಿಂದೆ ಹಾಗೆ ಆಗುವುದಿಲ್ಲ. ಅಣ್ಣ ಎರಿಕ್ಸ್ಸನ್, ತಂಗಿ ಎರಿಕ್ಸ್‌ಡೊಟರ್, ಅಪ್ಪ ಲಾರ್ಸ್ಸನ್. ಅಲ್ಲಿ ಊರು ಮತ್ತು ಜಮೀನಿನ ಹೆಸರು ಹಿಡಿದುಕೊಳ್ಳಿ. ನಾರ್ವೆಯಲ್ಲಂತೂ ಜಮೀನಿನ ಹೆಸರು ಮೂರನೇ ಪದವಾಗಿ ಜೊತೆಗೇ ಇರುತ್ತಿತ್ತು. ಜಮೀನು ಬದಲಾಯಿಸಿದರೆ ಆ ಪದವೂ ಬದಲಾಗುತ್ತಿತ್ತು.

ನಮ್ಮ ಹೆಸರು ಅವರ ಫಾರ್ಮಿನಲ್ಲಿ

ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ. ಇನಿಷಿಯಲ್ ಅಂದರೆ ಅಪ್ಪನ ಹೆಸರು, ಊರಿನ ಹೆಸರು. ಹೊರದೇಶಕ್ಕೆ ಹೋಗುವಾಗ ಆ ಇನಿಷಿಯಲ್ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಹಾಕುತ್ತೇವೆ. ಗಂಡನ ಕೊನೆಹೆಸರು ಅವನ ಅಪ್ಪನದು, ಹೆಂಡತಿಯದು ಅವಳ ಅಪ್ಪನದು, ಮಗುವಿನದು ಇವನದು. ವಿಮಾನ ನಿಲ್ದಾಣದಲ್ಲಿ ಇವರೆಲ್ಲಾ ಒಂದೇ ಮನೆಯವರೇ ಅಂತ ಕೇಳಿದರೆ ಗಾಬರಿ ಆಗಬೇಡಿ, ಮಗುವಿನ ಜನನ ಪತ್ರ ಮತ್ತು ಮದುವೆ ಪತ್ರ ಕೈಯಲ್ಲಿ ಇಟ್ಟುಕೊಳ್ಳಿ. ಅಧಿಕಾರಿಗೆ ವಿವರಿಸಲು 'ನಮ್ಮದು ಐಸ್‌ಲ್ಯಾಂಡಿನವರ ಪದ್ಧತಿ ಇದ್ದ ಹಾಗೆ, ಕೊನೆಯಲ್ಲಿರುವುದು ತಂದೆಯ ಹೆಸರು' ಅಂದರೆ ಯುರೋಪಿನವರಿಗೆ ತಲೆಗೆ ಹೋಗುವ ಸಾಧ್ಯತೆ ಜಾಸ್ತಿ. ಮಗುವಿಗೆ ಅಪ್ಪನ ಹೆಸರು ಕೊಡುತ್ತೀರೋ, ತಾತನ ಹೆಸರನ್ನೇ ಮುಂದುವರಿಸಿ ಸರ್‌ನೇಮ್ ಮಾಡುತ್ತೀರೋ ಅನ್ನುವುದನ್ನು ಮಾತ್ರ ಹುಟ್ಟುವ ಮೊದಲೇ ಕೂತು ಮಾತಾಡಿಕೊಳ್ಳಿ. 1828ರಲ್ಲಿ ಡೆನ್ಮಾರ್ಕಿನ ರೈತರ ಮುಂದೆ ಬಂದು ನಿಂತದ್ದು ಇದೇ ಪ್ರಶ್ನೆ.

ಈಗ ಐದು ಹೆಸರು ಕೊಡುತ್ತೇನೆ, ಕೆಳಗೆ ನೋಡದೆ ಬಿಡಿಸಿ: ನಿಕ್ಸನ್, ಟೆನಿಸನ್, ಪ್ಯಾರಿ, ಹಿಕ್ಸ್, ಸ್ಟುರ್ಲುಸನ್.

ನಿಕ್ಸನ್ ಅಂದರೆ ನಿಕ್, ನಿಕೋಲಸ್‌ನ ಮಗ, ಕ್ ಮತ್ತು ಸ್ ಸೇರಿ ಸ್ಪೆಲ್ಲಿಂಗಿನಲ್ಲಿ ಎಕ್ಸ್ ಆಗಿದೆ. ಟೆನಿಸನ್ ಅಂದರೆ ಡೆನಿಸ್‌ನ ಮಗ. ಪ್ಯಾರಿ ವೇಲ್ಸ್‌ನದು, ಅಪ್ ಹ್ಯಾರಿ. ಹಿಕ್ಸ್‌ನಲ್ಲಿರುವುದು ರಿಚರ್ಡ್, ಪ್ರಾಸಕ್ಕೆ ಸಿಕ್ಕಿ ಹಿಕ್ ಆದವನು. ಇನ್ನು ಸ್ಟುರ್ಲುಸನ್, ಅಂದರೆ ನಾರ್ಸ್ (ಹಳೇ ಸ್ಕ್ಯಾಂಡಿನೇವಿಯಾದ) ಪುರಾಣಗಳನ್ನು ಬರೆದಿಟ್ಟ, 13ನೇ ಶತಮಾನದ ಐಸ್‌ಲ್ಯಾಂಡಿನ ಸ್ನೋರಿ. ಅವನ ಅಪ್ಪ ಸ್ಟುರ್ಲು ಅಲ್ಲ, ಸ್ಟುರ್ಲಾ.